ಓದಲಾರದವನ ರೈಲು ಪ್ರಯಾಣ

ಓದುಬರಹ ಬಲ್ಲ ಮನುಷ್ಯನಿಗೆ ನಿರಕ್ಷರನ ಅವಸ್ಥೆ ಎಂತಹುದೆಂಬುದು ಸುಲಭವಾಗಿ ತಿಳಿಯುವುದಿಲ್ಲ. ಒಮ್ಮೆ ಕಲಿತ ಅಕ್ಷರವನ್ನು ಕಣ್ಣು ಮರೆಯಲಾರದು. ಅಂಗಡಿಯ ಹಲಗೆ, ಬಸ್ಸಿನ ಹಣೆಬರಹ, ಔಷಧದ ಸೀಸೆ ಇವೆಲ್ಲವೂ ನಾವು ಕೇಳದೆಯೇ ನಮ್ಮೊಡನೆ ಮಾತನಾಡುತ್ತಿರುತ್ತವೆ. ಆ ಮಾತೆಲ್ಲ ಒಮ್ಮೆಗೇ ನಿಂತುಹೋದರೆ ಏನಾದೀತು? ಇದನ್ನು ಅನುಭವದಿಂದಲೇ ಅರಿಯಬೇಕೆಂಬ ಆಸೆಯುಳ್ಳವರು ಚೀನದೇಶದ ಶಾಂಘೈ ನಗರಕ್ಕೆ ಹೋಗಿ, ಅಲ್ಲಿಯ ಮೆಟ್ರೊ ನಿಲ್ದಾಣವೊಂದರ ಮೆಟ್ಟಿಲಿಳಿದರೆ ಸಾಕು. ಸ್ನಾತಕೋತ್ತರ ಪದವಿ ಪಡೆದು, ಹತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಈ ಲೇಖಕನು ಅಲ್ಲಿ ಒಂದು ಕ್ಷಣದಲ್ಲಿ ತನ್ನ ಅಜ್ಜಿಯ ಸಮಾನನಾದನು.

ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಆಕೆ ತಿಪಟೂರಿನಿಂದ ತುಮಕೂರಿಗೂ ಅಲ್ಲಿಂದ ಮಗಳ ಊರಿಗೂ ಒಬ್ಬಳೇ ಹೋಗಿಬರುತ್ತಿದ್ದಳು. ನಿಲ್ದಾಣದಲ್ಲಿ ಬಸ್ಸು ಬಂದು ನಿಂತೊಡನೆ ಕಂಡಕ್ಟರನನ್ನು ಕೇಳುವಳು. ಅನಂತರ ಪಕ್ಕದಲ್ಲಿ ನಿಂತವರನ್ನು ಕೇಳುವಳು. ಹತ್ತಿ ಕುಳಿತ ಮೇಲೆ ಹಿಂದಿನ ಸೀಟಿನವರನ್ನು ಮತ್ತೆ ಅದನ್ನೇ ಕೇಳುವಳು. ನಾವು ಮೊಮ್ಮಕ್ಕಳು, “ಅಜ್ಜಿ, ಒಬ್ಬರು ಹೇಳಿದರೆ ಸಾಲದೆ?” ಎಂದು ನಗುತ್ತಿದ್ದೆವು. “ಒಬ್ಬ ತಪ್ಪು ಹೇಳ್ತಾನೆ ಮಗಾ, ಮೂರು ಜನ ಕೂಡಿ ಒಂದೇ ತಪ್ಪು ಹೇಳಲ್ಲ” ಎಂಬುದು ಆಕೆಯ ಉತ್ತರ. ಈ ಉತ್ತರದೊಳಗೆ ಎಷ್ಟು ವಿಜ್ಞಾನವಿದೆ ಎಂಬುದು ಆ ಕಾಲಕ್ಕೆ ನಮಗೆ ಹೊಳೆಯಲಿಲ್ಲ.

ಶಾಂಘೈಯ ಮೆಟ್ರೊ ಹಳೆಯದೇನೂ ಅಲ್ಲ. ಬೀಜಿಂಗ್ ಮತ್ತು ತಿಯಾನ್‌ಜಿನ್ ನಗರಗಳ ಅನಂತರ, ೧೯೯೩ರಲ್ಲಿ, ಇದರ ೧ನೆಯ ಮಾರ್ಗದ ಒಂದು ತುಂಡು ಮಾತ್ರ ತೆರೆಯಿತು. ಅಲ್ಲಿಂದ ಮೂವತ್ತು ವರ್ಷ ಕಳೆಯುವುದರೊಳಗೆ ಮಾರ್ಗಗಳ ಒಟ್ಟು ಉದ್ದ ೮೦೦ ಕಿಲೊಮೀಟರನ್ನು ಮೀರಿತು. ಜಗತ್ತಿನ ಅತಿ ಉದ್ದವಾದ ಮೆಟ್ರೊ ಜಾಲಗಳಲ್ಲಿ ಇದೂ ಒಂದು. ದಿನವೊಂದಕ್ಕೆ ಒಂದು ಕೋಟಿಗೂ ಹೆಚ್ಚು ಪ್ರಯಾಣಗಳು ಇದರಲ್ಲಿ ನಡೆಯುತ್ತವೆ. ಹೋಲಿಕೆಗೆ ಬೇಕಾದರೆ ನಮ್ಮ ಬೆಂಗಳೂರಿನ ಮೆಟ್ರೊ ೨೦೧೧ರಲ್ಲಿ ಆರಂಭವಾಗಿ, ೨೦೨೫ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದಾಗ ೯೬ ಕಿಲೊಮೀಟರ್ ಮುಟ್ಟಿತು. (ಆ ಹಳದಿ ಮಾರ್ಗಕ್ಕೆ ಬಂದ ಮೊದಲ ರೈಲು ಚೀನದಲ್ಲಿಯೇ ತಯಾರಾದುದು.)

ಇಷ್ಟು ದೊಡ್ಡ ಜಾಲದಲ್ಲಿ, ಒಂದಕ್ಷರವನ್ನೂ ಓದಲಾರದ ಪರದೇಶಿ ದಾರಿ ತಪ್ಪದೆ ಸಾಗುವುದು ಹೇಗೆ? ನಾನು ಕೆಲಸದ ಮೇಲೆ ಅಲ್ಲಿ ಕಳೆದ ನಾಲ್ಕು ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಇದೇ.

ವಿಮಾನ ನಿಲ್ದಾಣವು ನಗರದ ಪೂರ್ವದಂಚಿನ ಪುದೊಂಗ್‌ನಲ್ಲಿದೆ. ಅಲ್ಲಿಂದ ೨ನೆಯ ಮಾರ್ಗದ ಮೆಟ್ರೊ ಹಿಡಿದರೆ ನಗರದ ನಡುಭಾಗಕ್ಕೆ ಸುಮಾರು ಒಂದು ಗಂಟೆ ಬೇಕು. ಇಲ್ಲವೆ, ಹಳಿಯನ್ನು ಮುಟ್ಟದೆ ತೇಲುತ್ತ ಓಡುವ ಕಾಂತರೈಲಿನಲ್ಲಿ ೩೦ ಕಿಲೊಮೀಟರ್ ಸಾಗಿ, ಲೊಂಗ್‌ಯಾಂಗ್ ರಸ್ತೆಯ ನಿಲ್ದಾಣದಲ್ಲಿ ಮೆಟ್ರೊ ಹಿಡಿಯಬಹುದು. ಭೌತಶಾಸ್ತ್ರದ ಮೇಷ್ಟರಿಗೆ ಎರಡನೆಯದನ್ನು ಬಿಟ್ಟು ಬರಲು ಮನಸ್ಸಾದೀತೆ? ಬಂಡಿಯ ತಳದ ವಿದ್ಯುತ್ಕಾಂತಗಳು ಮಾರ್ಗದ ಉಕ್ಕನ್ನು ಕೆಳಗಿನಿಂದ ಮೇಲಕ್ಕೆ ಸೆಳೆದು, ಸುಮಾರು ಒಂದು ಸೆಂಟಿಮೀಟರಿನ ತೆರಪನ್ನು ಕಾಯ್ದುಕೊಂಡು ಇಡೀ ಬಂಡಿಯನ್ನು ಎತ್ತಿಹಿಡಿಯುತ್ತವೆ. ೨೦೦೪ರಲ್ಲಿ ಸಾರ್ವಜನಿಕರಿಗೆ ತೆರೆದ ಈ ರೈಲು ಮೊದಲು ಗಂಟೆಗೆ ೪೩೧ ಕಿಲೊಮೀಟರ್ ವೇಗದವರೆಗೆ ಹೋಗುತ್ತಿತ್ತು. ೨೦೨೧ರಿಂದ ಆ ವೇಗವನ್ನು ೩೦೦ಕ್ಕೆ ಇಳಿಸಿದ್ದಾರೆ. ಅದರ ವಿಚಾರ ಬೇರೊಂದು ಲೇಖನಕ್ಕೆ ಸಲ್ಲತಕ್ಕದ್ದು. ನಮ್ಮ ಕಥೆ ಅದರಿಂದ ಇಳಿದ ಮೇಲೆ ಮೊದಲಾಗುತ್ತದೆ.

ಮೆಟ್ರೊ ನಿಲ್ದಾಣವನ್ನು ಹೊಕ್ಕ ಕೂಡಲೆ ಮೊದಲು ಎದುರಾಗುವುದು ತಪಾಸಣೆಯ ಯಂತ್ರ. ಚೀಲವನ್ನು ಎಕ್ಸ್-ಕಿರಣಗಳ ಪೆಟ್ಟಿಗೆಯ ಮೂಲಕ ಸಾಗಿಸಬೇಕು. ನನ್ನ ಚೀಲದಲ್ಲಿ, ಆ ಊರಿನಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗಾಗಿ ಅವನ ತಾಯಿ ಕಳುಹಿಸಿದ್ದ ಚಟ್ನಿಪುಡಿಯ ಸ್ಟೀಲ್ ಡಬ್ಬಿಯಿತ್ತು. ಇಂಗಾಲ, ಜಲಜನಕಗಳಂತಹ ಹಗುರ ಪರಮಾಣುಗಳ ವಸ್ತುಗಳನ್ನು ಈ ಯಂತ್ರಗಳು ಕಿತ್ತಳೆ ಬಣ್ಣದಲ್ಲಿಯೂ ಲೋಹಗಳನ್ನು ನೀಲಿಯಲ್ಲಿಯೂ ತೋರಿಸುವುದು ರೂಢಿ. ಅಲ್ಲಿದ್ದ ಹುಡುಗಿ ಪರದೆಯ ಮೇಲಿನ ನೀಲಿಯ ಉಂಡೆಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಮುಂದೆ ಹೋಗುವಂತೆ ಕೈಬೀಸಿದಳು.

ಅನಂತರ ಟಿಕೆಟು. ಯಂತ್ರದ ಪರದೆಯಲ್ಲಿ ಇಂಗ್ಲಿಷಿನ ಗುಂಡಿಯೊಂದು ಇರುತ್ತದೆ. ಮಾರ್ಗವನ್ನು ಮುಟ್ಟಿ, ನಿಲ್ದಾಣವನ್ನು ಮುಟ್ಟಿದರೆ ದರವನ್ನು ತೋರಿಸುತ್ತದೆ. ಮೊದಲ ೬ ಕಿಲೊಮೀಟರಿಗೆ ೩ ಯುವಾನ್, ಆಮೇಲಿನ ಪ್ರತಿ ೧೦ ಕಿಲೊಮೀಟರಿಗೆ ಒಂದೊಂದು ಯುವಾನ್ ಹೆಚ್ಚು. ೨೦ ಕಿಲೊಮೀಟರ್ ಪ್ರಯಾಣಕ್ಕೆ ೫ ಯುವಾನ್ ಆಗುವುದೆಂದು ಓದುಗರೇ ಲೆಕ್ಕ ಹಾಕಬಹುದು. ಹೊರಬರುವ ಟಿಕೆಟು ತೆಳುವಾದ ಪ್ಲಾಸ್ಟಿಕ್ ಹಾಳೆ. ಒಳಹೋಗುವಾಗ ಅದನ್ನು ದ್ವಾರದ ಮೇಲೆ ತೋರಿಸಬೇಕು. ಹೊರಬರುವಾಗ ಸೀಳಿನೊಳಕ್ಕೆ ತೂರಿಸಬೇಕು, ಯಂತ್ರ ಅದನ್ನು ನುಂಗಿಬಿಡುತ್ತದೆ. ಮತ್ತೆ ಮತ್ತೆ ಓಡಾಡುವವರಿಗೆ ಹಣ ತುಂಬಿಸಿಕೊಳ್ಳುವ ಕಾರ್ಡು ದೊರೆಯುತ್ತದೆ.

ಈ ಟಿಕೆಟಿನೊಳಗೆ ಬ್ಯಾಟರಿಯಿಲ್ಲ. ಹಾಗಿದ್ದೂ ಅದು ದ್ವಾರದೊಡನೆ ಮಾತನಾಡುತ್ತದೆ. ಇದು ಹೇಗೆ ಸಾಧ್ಯ? ಬೆಂಗಳೂರಿನ ಮೆಟ್ರೊ ಕಾರ್ಡನ್ನು ಕೈಯಲ್ಲಿ ಹಿಡಿದವರಿಗೂ ಈ ಪ್ರಶ್ನೆ ಅನ್ವಯಿಸುವುದರಿಂದ ಸ್ವಲ್ಪ ನಿಧಾನವಾಗಿಯೇ ನೋಡೋಣ. ದ್ವಾರದ ಹಲಗೆಯ ಕೆಳಗೆ ತಂತಿಯ ಸುರುಳಿಯೊಂದಿದೆ. ಅದರಲ್ಲಿ ಸೆಕೆಂಡಿಗೆ ೧ ಕೋಟಿ ೩೫ ಲಕ್ಷ ೬೦ ಸಾವಿರ ಸಲ ಹಿಂದುಮುಂದಾಗುವ ವಿದ್ಯುತ್ ಹರಿಯುತ್ತಿರುತ್ತದೆ. ಆದುದರಿಂದ ಅದರ ಸುತ್ತಣ ಕಾಂತಕ್ಷೇತ್ರವೂ ಅಷ್ಟೇ ವೇಗದಲ್ಲಿ ಬದಲಾಗುತ್ತಿರುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ಇನ್ನೊಂದು ಸುರುಳಿಯನ್ನು ಹಿಡಿದರೆ ಅದರಲ್ಲಿ ವಿದ್ಯುತ್ ಹುಟ್ಟುವುದೆಂದು ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದನಲ್ಲವೆ? ಕಾರ್ಡಿನ ಅಂಚಿನುದ್ದಕ್ಕೂ ಹಾಯಿಸಿರುವ ಕೆಲವೇ ಸುತ್ತಿನ ತಂತಿ ಆ ಇನ್ನೊಂದು ಸುರುಳಿ. ಅದರಲ್ಲಿ ಹುಟ್ಟಿದ ಅತ್ಯಲ್ಪ ವಿದ್ಯುತ್ತೇ ಕಾರ್ಡಿನೊಳಗಿನ ಸಾಸಿವೆಕಾಳಿನಷ್ಟು ಸಿಲಿಕಾನ್ ತುಣುಕನ್ನು ಎಚ್ಚರಿಸುತ್ತದೆ.

ಎಚ್ಚೆತ್ತ ತುಣುಕು ಉತ್ತರ ಕೊಡುವ ಬಗೆ ಇನ್ನೂ ಸೊಗಸಾದುದು. ಅದು ತಾನಾಗಿ ಯಾವ ತರಂಗವನ್ನೂ ಪ್ರಸಾರ ಮಾಡುವುದಿಲ್ಲ. ಅಷ್ಟು ಶಕ್ತಿ ಅದಕ್ಕೆಲ್ಲಿಯದು? ತನ್ನ ಸುರುಳಿ ಎಳೆದುಕೊಳ್ಳುವ ವಿದ್ಯುತ್ತನ್ನು ಅದು ಹೆಚ್ಚು ಕಡಮೆ, ಹೆಚ್ಚು ಕಡಮೆ ಮಾಡುತ್ತದೆ, ಅಷ್ಟೆ. ಬಾವಿಯೊಳಗೆ ಕೊಡ ಮುಳುಗಿತೋ ತೇಲುತ್ತಿದೆಯೋ ಎಂಬುದು ಮೇಲೆ ಹಗ್ಗ ಹಿಡಿದವರ ಕೈಗೆ ತಿಳಿಯುವಂತೆ, ಕಾರ್ಡಿನ ಭಾರದ ಏರಿಳಿತವು ದ್ವಾರದ ಸುರುಳಿಗೆ ತಿಳಿಯುತ್ತದೆ. ಆ ಏರಿಳಿತಗಳೇ ಕಾರ್ಡಿನ ಸಂಖ್ಯೆ, ಉಳಿದ ಹಣ, ಪ್ರಯಾಣ ಆರಂಭವಾದ ನಿಲ್ದಾಣ. ಸುರುಳಿಯಿಂದ ದೂರ ಹೋದಂತೆ ಈ ಕಾಂತಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ, ಎಂದರೆ ದೂರ ಇಮ್ಮಡಿಯಾದರೆ ಎಂಟನೆಯ ಒಂದಂಶಕ್ಕೆ, ಕುಗ್ಗಿಬಿಡುವುದರಿಂದ ನಿಮ್ಮ ಹಿಂದೆ ನಿಂತವರ ಜೇಬಿನ ಕಾರ್ಡಿನಿಂದ ಹಣ ಕಳೆಯುವುದೆಂಬ ಭಯವಿಲ್ಲ. ಆದರೆ ಒಂದೇ ಕೈಚೀಲದಲ್ಲಿ ಇಂತಹ ಎರಡು ಕಾರ್ಡುಗಳನ್ನಿಟ್ಟು ಒಟ್ಟಿಗೆ ಒತ್ತಿದರೆ, ಎರಡೂ ಏಕಕಾಲಕ್ಕೆ ಉತ್ತರ ಹೇಳಹೋಗಿ ದ್ವಾರ ತಬ್ಬಿಬ್ಬಾಗುವುದುಂಟು.

ಅಲ್ಲಿಯ ಜನರಾದರೋ ಹೆಚ್ಚಾಗಿ ಫೋನಿನ ಪರದೆಯಲ್ಲಿ ಮೂಡುವ ಕಪ್ಪುಬಿಳುಪು ಚೌಕಳಿಯ ಸಂಕೇತವನ್ನೇ ದ್ವಾರಕ್ಕೆ ತೋರಿಸುತ್ತಾರೆ. ಪರದೇಶಿಯೂ ತನ್ನ ಬ್ಯಾಂಕ್ ಕಾರ್ಡನ್ನು ಅಲಿಪೇಯಂತಹ ವ್ಯವಸ್ಥೆಗೆ ಜೋಡಿಸಿಕೊಂಡು ಹೀಗೆ ಮಾಡಬಹುದು. ಈ ಚೌಕಳಿ ೧೯೯೪ರಲ್ಲಿ ಜಪಾನಿನಲ್ಲಿ, ಮೋಟಾರು ಬಿಡಿಭಾಗಗಳ ಲೆಕ್ಕವಿಡುವ ಸಲುವಾಗಿ ಹುಟ್ಟಿದ್ದು. ಅದರ ವಿಶೇಷವೆಂದರೆ, ಒಂದು ಮೂಲೆಗೆ ಮಸಿ ತಾಗಿದರೂ ಪರದೆಯ ಗಾಜು ಸೀಳಿದರೂ ಅದನ್ನು ಓದಬಹುದು. ಅದನ್ನು ನಾಲ್ಕು ದರ್ಜೆಗಳಲ್ಲಿ ಬರೆಯುವುದುಂಟು; ಎಲ್ಲಕ್ಕೂ ಭದ್ರವಾದ ದರ್ಜೆಯಲ್ಲಿ ಸುಮಾರು ಶೇಕಡ ೩೦ ಭಾಗ ಅಳಿಸಿಹೋದರೂ ಅರ್ಥ ಕೆಡುವುದಿಲ್ಲ. ಹೇಳಬೇಕಾದುದನ್ನು ಹೇಳಿ ಮುಗಿಸಿದ ಮೇಲೆ, ಅದನ್ನೇ ಬೇರೊಂದು ಲೆಕ್ಕದ ರೂಪದಲ್ಲಿ ಮತ್ತೆ ಹೇಳಿರುವುದೇ ಇದಕ್ಕೆ ಕಾರಣ.

ಇಲ್ಲಿಗೆ ನಮ್ಮ ಪ್ರಶ್ನೆಯ ಬುಡಕ್ಕೆ ಬಂದೆವು. ನಮ್ಮ ಆಲಂಕಾರಿಕರು ಪುನರುಕ್ತಿಯನ್ನು ದೋಷಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕಾವ್ಯಕ್ಕೆ ಅದು ಸರಿಯಿರಬಹುದು. ಆದರೆ ಸುದ್ದಿಯನ್ನು ಗದ್ದಲದ ನಡುವೆ ದಾಟಿಸಬೇಕಾದ ಎಂಜಿನಿಯರಿಗೆ ಪುನರುಕ್ತಿಯೇ ಆಸರೆ. ಅಮೆರಿಕದ ಕ್ಲಾಡ್ ಶ್ಯಾನನ್ ೧೯೪೮ರಲ್ಲಿ ಇದನ್ನು ಗಣಿತಕ್ಕೆ ಅಳವಡಿಸಿದನು. ಇಂಗ್ಲಿಷಿನ ಸಾಮಾನ್ಯ ಬರವಣಿಗೆಯಲ್ಲಿ ಸುಮಾರು ಅರ್ಧದಷ್ಟು ಪುನರುಕ್ತಿಯೆಂದು ಅವನ ಅಂದಾಜು. ಕನ್ನಡದಲ್ಲಿಯೂ ‘ಬೆಂ-ಳೂ-ು’ ಎಂದು ಅಲ್ಲಲ್ಲಿ ಅಳಿಸಿ ಬರೆದರೆ ನೀವು ತಡವರಿಸುವುದಿಲ್ಲವಷ್ಟೆ? ಉಳಿದ ಅಕ್ಷರಗಳು ಅಳಿಸಿದ ಅಕ್ಷರಗಳ ಸುದ್ದಿಯನ್ನೂ ಹೊತ್ತಿರುತ್ತವೆ.

ಶಾಂಘೈ ಮೆಟ್ರೊ ಪರದೇಶಿಯನ್ನು ನಡೆಸಿಕೊಳ್ಳುವುದು ಹೀಗೆಯೇ. ಒಂದು ಮಾರ್ಗವನ್ನು ಅದು ಒಂದೇ ರೀತಿಯಲ್ಲಿ ಹೇಳುವುದಿಲ್ಲ. ಸಂಖ್ಯೆಯಲ್ಲಿ ಹೇಳುತ್ತದೆ, ಬಣ್ಣದಲ್ಲಿ ಹೇಳುತ್ತದೆ, ಚೀನೀ ಲಿಪಿಯಲ್ಲಿ ಹೇಳಿದುದನ್ನು ರೋಮನ್ ಲಿಪಿಯಲ್ಲಿ ಮತ್ತೆ ಬರೆಯುತ್ತದೆ, ಬಂಡಿಯೊಳಗೆ ಚೀನೀ ಭಾಷೆಯಲ್ಲಿ ನುಡಿದುದನ್ನು ಇಂಗ್ಲಿಷಿನಲ್ಲಿ ಮತ್ತೆ ನುಡಿಯುತ್ತದೆ. ಒಂದು ಕಿವಿಗೆ ಅಥವಾ ಕಣ್ಣಿಗೆ ತಪ್ಪಿದರೆ ಇನ್ನೊಂದು ಇದ್ದೇ ಇದೆ. ಬಣ್ಣವನ್ನೇ ನೋಡಿ. ೧ನೆಯ ಮಾರ್ಗ ಕೆಂಪು, ೨ನೆಯದು ಹಸಿರು. ಎರಡೂ ಜನತಾ ಚೌಕವೆಂಬ ನಿಲ್ದಾಣದಲ್ಲಿ ಒಂದನ್ನೊಂದು ದಾಟುತ್ತವೆ. ಗಂಡಸರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರುಗಳ ಭೇದ ತಿಳಿಯದು. ಅಂಥವರು ಬಣ್ಣವನ್ನೇ ನೆಚ್ಚಿದರೆ ಅಲ್ಲಿ ಸುತ್ತುತ್ತಲೇ ಇರಬೇಕಾಗುತ್ತದೆ. ಸಂಖ್ಯೆ ಅವರನ್ನು ಉಳಿಸುತ್ತದೆ. ಬಣ್ಣ ಚೆನ್ನಾಗಿ ಕಾಣುವವರಿಗೂ ಕಷ್ಟವಿಲ್ಲದಿಲ್ಲ: ೪ನೆಯ ಮಾರ್ಗ ನೇರಳೆ, ೧೦ನೆಯದು ತಿಳಿನೇರಳೆ. ಮಾರ್ಗಗಳು ಹದಿನೈದನ್ನು ದಾಟಿದ ಮೇಲೆ ಬೇರೆ ಬೇರೆಯೆಂದು ಕಣ್ಣಿಗೆ ತೋರುವ ಬಣ್ಣಗಳನ್ನು ಎಲ್ಲಿಂದ ತರಬೇಕು?

ರೋಮನ್ ಲಿಪಿಯ ಬರಹವೂ ನಾವು ತಿಳಿದಷ್ಟು ಸುಲಭವಲ್ಲ. ಪಿನ್‌ಯಿನ್ ಎಂಬ ಈ ಕ್ರಮವನ್ನು ಚೀನ ಸರ್ಕಾರ ೧೯೫೮ರಲ್ಲಿ ಅಂಗೀಕರಿಸಿತು. ಅದರಲ್ಲಿ ‘ಕ್ಯೂ’ ಅಕ್ಷರಕ್ಕೆ ನಮ್ಮ ‘ಛ’ಕಾರಕ್ಕೆ ಹತ್ತಿರದ ಉಚ್ಚಾರ, ‘ಎಕ್ಸ್’ ಅಕ್ಷರಕ್ಕೆ ‘ಶ’ಕಾರಕ್ಕೆ ಹತ್ತಿರದ ಉಚ್ಚಾರ. ೯ನೆಯ ಮಾರ್ಗದ ಒಂದು ನಿಲ್ದಾಣವನ್ನು ನಾನು ‘ಕಿಬಾವೊ’ ಎಂದು ಕೇಳಿದಾಗ ಯಾರಿಗೂ ಅರ್ಥವಾಗಲಿಲ್ಲ, ಅದು ‘ಛೀಬಾವ್’. ಅದರ ಮೇಲೆ ನಾಲ್ಕು ಸ್ವರಭೇದಗಳು ಬೇರೆ. ಆದಕಾರಣ, ಬಾಯಲ್ಲಿ ಕೇಳುವ ಬದಲು ಚೀನೀ ಅಕ್ಷರಗಳಲ್ಲಿ ಬರೆದ ಹೆಸರನ್ನೇ ತೋರಿಸುವುದು ಲೇಸೆಂದು ನನ್ನ ವಿದ್ಯಾರ್ಥಿ ಮೊದಲೇ ಎಚ್ಚರಿಸಿ, ತನ್ನ ಮನೆಯ ಹತ್ತಿರದ ನಿಲ್ದಾಣದ ಹೆಸರನ್ನು ನನ್ನ ಫೋನಿಗೆ ಬರೆದು ಕಳುಹಿಸಿದ್ದನು.

ನಾಲ್ಕು ದಿನಗಳಲ್ಲಿ ನಾನು ಕಲಿತ ಚೀನೀ ಅಕ್ಷರಗಳು ಮೂರೇ. ಮೊದಲನೆಯದು ‘ಶಾನ್’, ಎಂದರೆ ಬೆಟ್ಟ. ನಡುವಿನ ಶಿಖರ ಎತ್ತರ, ಇಕ್ಕೆಲದವು ಗಿಡ್ಡ, ನೋಡಿದರೆ ಬೆಟ್ಟವೇ. ಎರಡನೆಯದು ಚೌಕದಂತಿರುವ ‘ಕೌ’, ಎಂದರೆ ಬಾಯಿ. ಮೂರನೆಯದು ಒಂದರ ಮೇಲೊಂದು ಎರಡು ಬೆಟ್ಟ ಹೇರಿದಂತೆ ಕಾಣುವ ‘ಛೂ’, ಎಂದರೆ ಹೊರಗೆ. ಎರಡು ಬೆಟ್ಟ ಮತ್ತು ಒಂದು ಬಾಯಿ ಜೊತೆಗೂಡಿ ಬಂದರೆ ‘ಹೊರದ್ವಾರ’. ಇಷ್ಟು ವಿದ್ಯೆಯಿದ್ದರೆ ಸುರಂಗದೊಳಗೆ ಹೊಕ್ಕವನು ಹೇಗೋ ಹೊರಗೆ ಬೀಳಬಹುದು.

ಇನ್ನು ನಕ್ಷೆ. ಪ್ರತಿಯೊಂದು ನಿಲ್ದಾಣದಲ್ಲಿಯೂ ತೂಗುಹಾಕಿರುವ ಮೆಟ್ರೊ ನಕ್ಷೆಯನ್ನು ನಗರದ ನಿಜವಾದ ನಕ್ಷೆಯೊಡನೆ ಹೋಲಿಸಿದರೆ ದೂರಗಳೂ ಕೋನಗಳೂ ಕೂಡುವುದಿಲ್ಲ. ಈ ಪದ್ಧತಿಗೆ ಹೆಸರು ತಂದವನು ಲಂಡನ್ನಿನ ಹ್ಯಾರಿ ಬೆಕ್. ೧೯೩೩ರಲ್ಲಿ ಅವನ ನಕ್ಷೆ ಅಚ್ಚಾಯಿತು. ನೆಲದಡಿಯಲ್ಲಿ ಪ್ರಯಾಣ ಮಾಡುವವನಿಗೆ ಯಾವುದಾದ ಮೇಲೆ ಯಾವುದು, ಎಲ್ಲಿ ಬದಲಾಯಿಸಬೇಕು ಎಂಬುದಷ್ಟೆ ಮುಖ್ಯ. ರಸ್ತೆಯ ಓರೆಕೋರೆಗಳಿಂದ ಅವನಿಗೇನಾಗಬೇಕು? ಭೌತಶಾಸ್ತ್ರದ ವಿದ್ಯಾರ್ಥಿ ವಿದ್ಯುನ್ಮಂಡಲದ ಚಿತ್ರ ಬರೆಯುವಾಗ ತಂತಿಯ ನಿಜವಾದ ಉದ್ದವನ್ನು ಲೆಕ್ಕಿಸುವನೆ? ಕೂಡುವ ಬಿಂದುಗಳನ್ನು ಸರಿಯಾಗಿ ಬರೆದರಾಯಿತು. ಇದೂ ಅಂತಹುದೇ.

ನಾನು ದಾರಿ ತಪ್ಪಿದುದು ಇಂತಹ ಒಂದು ಕೂಡುವ ಬಿಂದುವಿನಲ್ಲಿಯೇ. ೪ನೆಯ ಮಾರ್ಗವು ನಗರದ ನಡುಭಾಗವನ್ನು ಸುತ್ತುವರಿದಿರುವ ಉಂಗುರ, ೨೬ ನಿಲ್ದಾಣಗಳು. ೩ನೆಯ ಮಾರ್ಗವು ದಕ್ಷಿಣದಿಂದ ಬಂದು ಉತ್ತರಕ್ಕೆ ಹೋಗುವ ದಾರಿ. ಉಂಗುರದ ಪಶ್ಚಿಮ ಮತ್ತು ವಾಯವ್ಯ ಭಾಗದಲ್ಲಿ, ಹೊಂಗ್‌ಛ್ಯಾವ್ ರಸ್ತೆಯಿಂದ ಬಾವ್‌ಶಾನ್ ರಸ್ತೆಯವರೆಗೆ ೯ ನಿಲ್ದಾಣಗಳಲ್ಲಿ, ಈ ಎರಡು ಮಾರ್ಗಗಳೂ ಒಂದೇ ಜೋಡಿ ಹಳಿಗಳ ಮೇಲೆ ಓಡುತ್ತವೆ. ಒಂದೇ ಪ್ಲಾಟ್‌ಫಾರಂ, ಒಂದೇ ಹಳಿ, ಬಂಡಿ ಮಾತ್ರ ಒಮ್ಮೆ ಇದು, ಒಮ್ಮೆ ಅದು.

ಈ ಉಂಗುರದ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವಿದೆ. ಶಾಂಘೈ ನಿಂತಿರುವುದು ಯಾಂಗ್‌ತ್ಸೆ ನದಿ ತಂದೊಟ್ಟಿದ ಮೆತ್ತನೆಯ ಮಣ್ಣಿನ ಮೇಲೆ. ಅಲ್ಲಿ ಬಂಡೆಯನ್ನು ಸಿಡಿಸುವ ಕಷ್ಟವಿಲ್ಲ. ತೋಡಿದ ಹಳ್ಳ ನಿಲ್ಲುವುದೇ ಕಷ್ಟ. ಹ್ವಾಂಗ್‌ಪು ನದಿಯ ದಡದಲ್ಲಿ ಎರಡು ಸುರಂಗಗಳನ್ನು ಕೂಡಿಸುವ ಅಡ್ಡದಾರಿಯನ್ನು ಅಗೆಯುವುದಕ್ಕಾಗಿ ಸುತ್ತಣ ಒದ್ದೆ ನೆಲವನ್ನೇ ಹಿಮಗಟ್ಟಿಸಿದ್ದರು. ೨೦೦೩ರ ಜುಲೈನಲ್ಲಿ ಆ ಹಿಮದ ಗೋಡೆ ತಡೆಯಲಿಲ್ಲ. ನೀರೂ ಮರಳೂ ಒಳನುಗ್ಗಿ ಸುರಂಗ ಕುಸಿಯಿತು, ಮೇಲಣ ಕಟ್ಟಡಗಳು ವಾಲಿದವು. ಜನರನ್ನು ತೆರವು ಮಾಡಿಸಿದ್ದರಿಂದ ಪ್ರಾಣಹಾನಿಯಾಗಲಿಲ್ಲ. ೨೦೦೫ರ ಕೊನೆಯಲ್ಲಿ ಮಾರ್ಗ ತೆರೆದಾಗ ಅದು ಉಂಗುರವಾಗಿರಲಿಲ್ಲ, ಬಾಯಿ ತೆರೆದ ಬಳೆಯಾಗಿತ್ತು. ೨೦೦೭ರ ಕೊನೆಯಲ್ಲಿ ಬಳೆ ಕೂಡಿಕೊಂಡಿತು.

ಆ ರಾತ್ರಿ ನಾನು ಜೊಂಗ್‌ಶಾನ್ ಉದ್ಯಾನದ ನಿಲ್ದಾಣದಿಂದ ಹೈಲುನ್ ರಸ್ತೆಗೆ ಹೋಗಬೇಕಾಗಿತ್ತು. ಗಂಟೆ ಹತ್ತು ಹೊಡೆದಿತ್ತು. ಶಾಂಘೈಯಲ್ಲಿ ಹೆಚ್ಚಿನ ಮಾರ್ಗಗಳು ಸುಮಾರು ಹನ್ನೊಂದರ ಹೊತ್ತಿಗೆ ಮಲಗಿಬಿಡುತ್ತವೆ. ಪ್ರತಿ ನಿಲ್ದಾಣದಲ್ಲಿಯೂ ಆಯಾ ದಿಕ್ಕಿನ ಕೊನೆಯ ಬಂಡಿಯ ವೇಳೆಯನ್ನು ಬರೆದು ಹಾಕಿರುತ್ತಾರೆ. ವಿದ್ಯಾರ್ಥಿ ಫೋನಿನಲ್ಲಿ ಹೇಳಿದ್ದನು: “ಸಾರ್, ನಾಲ್ಕನೇ ಲೈನು, ಒಳಸುತ್ತು ಹತ್ತಿ. ಬಣ್ಣ ನಂಬಬೇಡಿ, ನಂಬರ್ ನೋಡಿ. ಬಾವ್‌ಶಾನ್ ಆದ ಮೇಲೆ ಟ್ರೈನು ನೆಲದೊಳಕ್ಕೆ ಇಳೀಬೇಕು. ಇಳೀಲಿಲ್ಲ ಅಂದ್ರೆ ಬೇರೆ ಟ್ರೈನು ಅಂತ ತಿಳ್ಕೊಳ್ಳಿ.”

ಉಂಗುರದಲ್ಲಿ ಕೊನೆಯ ನಿಲ್ದಾಣವೆಂಬುದಿಲ್ಲವಾದ್ದರಿಂದ ದಿಕ್ಕನ್ನು ‘ಒಳಸುತ್ತು’, ‘ಹೊರಸುತ್ತು’ ಎಂದೇ ಹೇಳಬೇಕು. ಇಲ್ಲೊಂದು ಸಣ್ಣ ಲೆಕ್ಕವಿದೆ. ಗಡಿಯಾರದ ಮುಳ್ಳಿನಂತೆ ಸುತ್ತುವವನಿಗೆ ಉಂಗುರದ ಕೇಂದ್ರ ಸದಾ ಬಲಗಡೆ ಇರುತ್ತದೆ. ಶಾಂಘೈಯಲ್ಲಿ ಬಂಡಿಗಳು ಬಲಗಡೆಯ ಹಳಿಯಲ್ಲಿ ಓಡುವುದರಿಂದ ಪ್ರದಕ್ಷಿಣೆಯ ಬಂಡಿ ಒಳಸುತ್ತಿನದು. ನಮ್ಮಲ್ಲಿಯಂತೆ ಎಡಗಡೆ ಓಡುವ ಊರಿನಲ್ಲಿ ಅದೇ ಬಂಡಿ ಹೊರಸುತ್ತಿನದಾಗುತ್ತಿತ್ತು. ನಾನು ಪ್ಲಾಟ್‌ಫಾರಂನಲ್ಲಿ ನಿಂತು ಬೆರಳಿನಿಂದ ಗಾಳಿಯಲ್ಲಿ ವೃತ್ತ ಬರೆದು ಇದನ್ನು ಸಾಧಿಸಿ, ಬಹಳ ಸಂತೋಷಪಟ್ಟು, ಅದೇ ಸಂತೋಷದಲ್ಲಿ ಎದುರಿಗೆ ಬಂದು ನಿಂತ ಬಂಡಿಯನ್ನು ಹತ್ತಿದೆನು. ಅದರ ಮೇಲಿದ್ದ ಸಂಖ್ಯೆಯನ್ನು ನೋಡಲಿಲ್ಲ.

ಈ ಭಾಗದಲ್ಲಿ ಹಳಿ ನೆಲದ ಮೇಲೆಯೇ, ಕಂಬಗಳ ಮೇಲೆ ಹೋಗುತ್ತದೆ. ಮನೆಗಳ ದೀಪಗಳನ್ನು ನೋಡುತ್ತ ಕುಳಿತೆನು. ಬಾವ್‌ಶಾನ್ ಬಂದಿತು, ಫಲಕದಲ್ಲಿ ಮೂರು ಶಿಖರದ ಬೆಟ್ಟ ಕಂಡು ಗುರುತು ಹಿಡಿದೆನು. ಬಾಗಿಲು ಮುಚ್ಚಿ ಬಂಡಿ ಹೊರಟಿತು. ಇನ್ನು ಕತ್ತಲೆಯ ಸುರಂಗಕ್ಕೆ ಇಳಿಯಬೇಕು. ಕಿಟಕಿಯ ಹೊರಗೆ ಎಂಟನೆಯ ಅಂತಸ್ತಿನ ಮನೆಯೊಂದರಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಬಂಡಿ ಇಳಿಯಲಿಲ್ಲ. ಮುಂದಿನ ನಿಲ್ದಾಣದ ಹೆಸರನ್ನು ಧ್ವನಿ ನುಡಿದಾಗ ‘ಬಾವ್’ ಎಂಬುದು ಮತ್ತೆ ಕೇಳಿಸಿತು. ಒಂದು ಗಳಿಗೆ ಸಮ್ಮೇಳನದಲ್ಲಿ ತೂಕಡಿಸಿ ಎಚ್ಚೆತ್ತವನಂತಾಯಿತು. ಫಲಕ ನೋಡಿದೆನು: ಬೆಟ್ಟ ಇರಲಿಲ್ಲ. ಅದು ದೊಂಗ್‌ಬಾವ್‌ಶಿಂಗ್ ರಸ್ತೆ, ೩ನೆಯ ಮಾರ್ಗದ ನಿಲ್ದಾಣ. ‘ಬಾವ್’ ಎಂಬ ಅಕ್ಷರ ಎರಡು ಹೆಸರಿನಲ್ಲಿಯೂ ಒಂದೇ. ‘ಶಾನ್’ ಮಾತ್ರ ಇಲ್ಲಿ ಇಲ್ಲ. ಬಾಗಿಲು ಮುಚ್ಚುವ ಮೊದಲು ಹೊರಕ್ಕೆ ಜಿಗಿದೆನು.

ಅಲ್ಲಿ ನಾನು ಮೂವರನ್ನು ಕೇಳಿದೆನು. ಫೋನಿನ ಬರಹ ನೋಡಿದ ಕಾಲೇಜು ಹುಡುಗನೊಬ್ಬ ಇಂಗ್ಲಿಷಿನಲ್ಲಿ, ಒಂದು ನಿಲ್ದಾಣ ಹಿಂದಕ್ಕೆ ಹೋಗಬೇಕೆಂದನು. ತರಕಾರಿ ಚೀಲ ಹಿಡಿದಿದ್ದ ಮುದುಕಿ ಎದುರು ಪ್ಲಾಟ್‌ಫಾರಂ ತೋರಿಸಿ ಒಂದು ಬೆರಳೆತ್ತಿದಳು. ನಿಲ್ದಾಣದ ನೌಕರನು ಮೊದಲು ಒಂದು ಬೆರಳು, ಆಮೇಲೆ ನಾಲ್ಕು ಬೆರಳು ತೋರಿಸಿ, ಕೈಗಡಿಯಾರದ ಕಡೆ ಬೆರಳಾಡಿಸಿ, ಬೇಗ ಬೇಗ ಎಂದು ಕೈಬೀಸಿದನು. ಮೂವರ ಮಾತೂ ಒಂದೇ ಆಗಿತ್ತು. ಹಿಂದಕ್ಕೆ ಒಂದು ನಿಲ್ದಾಣ ಬಂದು, ಬಾವ್‌ಶಾನ್‌ನಲ್ಲಿ ಬದಿ ಬದಲಿಸಿ, ಈ ಸಲ ಸಂಖ್ಯೆಯನ್ನೂ ಬಣ್ಣದ ಪಟ್ಟೆಯನ್ನೂ ಫಲಕವನ್ನೂ ಒಂದೊಂದಾಗಿ ನೋಡಿಕೊಂಡು ೪ನೆಯ ಮಾರ್ಗದ ಬಂಡಿಯನ್ನು ಹತ್ತಿದೆನು. ಸ್ವಲ್ಪ ದೂರ ಹೋಗುತ್ತಲೇ ನೆಲ ಓರೆಯಾಯಿತು. ಮನೆಯ ದೀಪಗಳು ಮೇಲಕ್ಕೆ ಸರಿದು ಮಾಯವಾದವು. ಗಾಳಿಯ ಸದ್ದು ಬದಲಾಯಿತು.

ಆ ಸದ್ದಿನ ವಿಚಾರ ಒಂದು ಮಾತು. ಶಾಂಘೈಯ ಒಂಟಿ ಹಳಿಯ ಸುರಂಗಗಳ ಒಳವ್ಯಾಸ ಸಾಮಾನ್ಯವಾಗಿ ಐದೂವರೆ ಮೀಟರ್. ಅಡ್ಡಕೊಯ್ತದ ಕ್ಷೇತ್ರ ಸುಮಾರು ೨೪ ಚದರ ಮೀಟರ್. ಮೂರು ಮೀಟರ್ ಅಗಲದ ಬಂಡಿ ಅದರಲ್ಲಿ ಹೆಚ್ಚುಕಡಮೆ ಅರ್ಧವನ್ನು ತುಂಬಿಬಿಡುತ್ತದೆ. ಪಂಪಿನ ಕೊಂತದಂತೆ ಅದು ತನ್ನ ಮುಂದಣ ಗಾಳಿಯನ್ನು ತಳ್ಳುತ್ತ, ಹಿಂದಿನಿಂದ ಎಳೆಯುತ್ತ ಹೋಗುತ್ತದೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಂಡಿ ಕಾಣುವುದಕ್ಕೆ ಮೊದಲೇ ಮುಖಕ್ಕೆ ಗಾಳಿ ಬೀಸಿದುದು ನಿಮ್ಮಲ್ಲಿ ಹಲವರಿಗೆ ಅನುಭವವಿರಬಹುದು. ಶಾಂಘೈಯ ನೆಲದಡಿಯ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಮತ್ತು ಹಳಿಯ ನಡುವೆ ಎತ್ತರದ ಗಾಜಿನ ಗೋಡೆಯೂ ಬಾಗಿಲುಗಳೂ ಇರುವುದರಿಂದ ಈ ಗಾಳಿಯ ಮುನ್ಸೂಚನೆ ಅಲ್ಲಿ ಹೆಚ್ಚಾಗಿ ದೊರೆಯುವುದಿಲ್ಲ. ಜನ ಹಳಿಗೆ ಬೀಳುವ ಭಯವಿಲ್ಲ, ತಂಪುಗಾಳಿ ಪೋಲಾಗುವುದಿಲ್ಲ. ಓದಲಾರದವನಿಗೆ ಮಾತ್ರ ಒಂದು ಗುರುತು ಕಡಮೆಯಾಯಿತು.

ಹೈಲುನ್ ರಸ್ತೆಯಲ್ಲಿಳಿದು ಟಿಕೆಟನ್ನು ಸೀಳಿಗೆ ತೂರಿಸುವಾಗ ಅಳುಕಿತ್ತು. ನಾಲ್ಕು ಯುವಾನಿನ ಟಿಕೆಟು. ನಾನಾದರೋ ಒಂದು ನಿಲ್ದಾಣ ಹೆಚ್ಚಿಗೆ ಹೋಗಿ, ತಿರುಗಿ ಬಂದಿದ್ದೆನು. ಬಾಗಿಲು ತಕರಾರಿಲ್ಲದೆ ತೆರೆಯಿತು. ಎಲ್ಲಿ ಹತ್ತಿದೆ, ಎಲ್ಲಿ ಇಳಿದೆ ಎಂಬ ಎರಡೇ ಸಂಗತಿಗಳು ಯಂತ್ರಕ್ಕೆ ಗೊತ್ತು; ಅವೆರಡರ ನಡುವಣ ಅತಿ ಹತ್ತಿರದ ದಾರಿಗೆ ದರ ಕಟ್ಟುತ್ತದೆ. ಗುರುತ್ವ ಕ್ಷೇತ್ರದಲ್ಲಿ ಒಂದು ಕಲ್ಲನ್ನು ಬೆಟ್ಟದ ಮೇಲಕ್ಕೆ ನೇರವಾಗಿ ಒಯ್ದರೂ ಸುತ್ತಿಕೊಂಡು ಒಯ್ದರೂ ಗುರುತ್ವದ ವಿರುದ್ಧ ಮಾಡಿದ ಕೆಲಸ ಒಂದೇ ಎಂದು ದ್ವಿತೀಯ ವರ್ಷದ ತರಗತಿಯಲ್ಲಿ ನಾನು ಪ್ರತಿ ಜುಲೈನಲ್ಲಿ ಪಾಠ ಹೇಳುತ್ತೇನೆ. ಇನ್ನು ಮುಂದೆ ಆ ಪಾಠಕ್ಕೆ ಇದೇ ಉದಾಹರಣೆ. ಘರ್ಷಣೆಯ ಲೆಕ್ಕ ಬೇರೆ. ಅದು ಕಾಲಿಗೆ ಗೊತ್ತು.

ಹೊರಗೆ ಬರುವುದೂ ಒಂದು ವಿದ್ಯೆಯೇ. ದೊಡ್ಡ ನಿಲ್ದಾಣಗಳಿಗೆ ಹೊರದ್ವಾರಗಳು ಹತ್ತಕ್ಕೂ ಮಿಕ್ಕಿರುವುದುಂಟು. ತಪ್ಪು ದ್ವಾರದಲ್ಲಿ ಮೇಲೆದ್ದರೆ ಅಗಲವಾದ ರಸ್ತೆಯ ಆಚೆ ಬದಿಗೆ ಬಿದ್ದು ಅರ್ಧ ಮೈಲಿ ಸುತ್ತಬೇಕಾದೀತು. ನಮ್ಮ ಊರಿನ ಅಭ್ಯಾಸದಂತೆ ಫೋನಿನ ನಕ್ಷೆಯನ್ನು ನೆಚ್ಚುವಂತಿಲ್ಲ. ಉಪಗ್ರಹಗಳ ಕ್ಷೀಣವಾದ ಅಲೆಗಳು ನೆಲದಡಿಗೆ ಇಳಿಯಲಾರವು ಎಂಬುದು ಒಂದು. ಇನ್ನೊಂದು, ಚೀನದಲ್ಲಿ ನಕ್ಷೆಗಳನ್ನು ಸರ್ಕಾರ ಗೊತ್ತುಮಾಡಿದ ಬೇರೆಯೇ ನಿರ್ದೇಶಾಂಕ ಪದ್ಧತಿಯಲ್ಲಿ ಬರೆಯಬೇಕು; ಉಪಗ್ರಹವು ಕೊಡುವ ಸ್ಥಾನಕ್ಕೂ ಅದಕ್ಕೂ ನೂರಾರು ಮೀಟರುಗಳ ಅಂತರ ಬರುತ್ತದೆ. ಎರಡನ್ನೂ ಹೊಂದಿಸದ ಪರದೇಶದ ನಕ್ಷೆಯಲ್ಲಿ ನೀವು ನದಿಯ ನಡುವೆ ನಿಂತಿರುವಂತೆ ಕಾಣಿಸಿದರೆ ಬೆದರಬೇಕಾಗಿಲ್ಲ. ದ್ವಾರದ ಸಂಖ್ಯೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದೊಂದೇ ನಂಬತಕ್ಕ ಉಪಾಯ.

ನಾನು ಹಾಗೆಯೇ ಬರೆದಿಟ್ಟುಕೊಂಡಿದ್ದೆನು. ಎರಡು ಬೆಟ್ಟ, ಒಂದು ಬಾಯಿ, ಪಕ್ಕದಲ್ಲಿ ಆ ಸಂಖ್ಯೆ. ಮೆಟ್ಟಿಲಿನ ತುದಿಯಲ್ಲಿ ವಿದ್ಯಾರ್ಥಿ ಕೈಕಟ್ಟಿಕೊಂಡು ನಿಂತಿದ್ದನು.

“ಮೂರನೇ ಲೈನು ಹತ್ತಿಬಿಟ್ರಾ ಸಾರ್?” ಎಂದನು.

“ನಿನಗೆ ಹೇಗೆ ತಿಳಿಯಿತು?”

“ನಾನೂ ಮೊದಲನೇ ವಾರ ಅದನ್ನೇ ಹತ್ತಿದ್ದೆ ಸಾರ್. ನಾನು ಇನ್ನೂ ನಾಲ್ಕು ಸ್ಟೇಷನ್ ಮುಂದೆ ಹೋಗಿದ್ದೆ.”

ಚೀಲದಿಂದ ಚಟ್ನಿಪುಡಿಯ ಡಬ್ಬಿಯನ್ನು ತೆಗೆದು ಅವನ ಕೈಗೆ ಕೊಟ್ಟೆನು. ಅವನು ಅಲ್ಲಿಯೇ, ದೀಪದ ಕಂಬದ ಕೆಳಗೆ, ಮುಚ್ಚಳ ತೆಗೆದು ಮೂಸಿನೋಡಿದನು.